ಇಲ್ಲದ ಗಂಡನ ಗಡ್ಡ

ಗದ್ದದ ಮೇಲೆ ಮೊದಲ ಕೂದಲು ಕಂಡಾಗ ಅವ್ವ ನಕ್ಕಳು. "ಒಂಟಿ ಕೂದಲಾ ಅದೃಷ್ಟದ್ದು, ಕೀಳಬ್ಯಾಡ" ಅಂದಳು. ಮುಂದಿನ ಸುಗ್ಗಿಯ ಹೊತ್ತಿಗೆ ಅದು ಒಂಟಿಯಾಗಿ ಉಳಿದಿರಲಿಲ್ಲ. ಗದ್ದದ ಕೆಳಗೆ, ದವಡೆಯ ಅಂಚಿಗೆ, ಮೇಲ್ದುಟಿಯ ಎರಡೂ ತುದಿಗೆ ದಪ್ಪ ಕರಿಕೂದಲು ಮೂಡಿದವು. ಮುಟ್ಟು ಕೂಡ ನನಗೆ ಸರಿಯಾಗಿ ಆಗುತ್ತಿರಲಿಲ್ಲ. ಒಮ್ಮೊಮ್ಮೆ ಇಡೀ ಮಳೆಗಾಲ ಕಳೆದರೂ ಇಲ್ಲ. ಈ ಎರಡಕ್ಕೂ ಸಂಬಂಧ ಇದ್ದೀತೆಂದು ಶಿರಹಟ್ಟಿಯ ನಮ್ಮ ಓಣಿಯಲ್ಲಿ ಯಾರಿಗೂ ಹೊಳೆಯಲಿಲ್ಲ. ಅವ್ವ ನಗುವುದನ್ನು ಬಿಟ್ಟಳು.

ಲಕ್ಷ್ಮೇಶ್ವರದ ಒಬ್ಬ ವೈದ್ಯರಿಂದ ಅವಳು ಒಂದು ಹಳದಿ ಪುಡಿ ತಂದಳು. ಸುಣ್ಣದಲ್ಲಿ ಕಲಸಿ ಹಚ್ಚಬೇಕು. ಹಚ್ಚಿದ ಸ್ವಲ್ಪ ಹೊತ್ತಿಗೇ ಮುಖ ಬೆಂಕಿಯಾಯಿತು. ಕೂದಲು ಉದುರಿದ್ದು ನಿಜ, ಜೊತೆಗೆ ಚರ್ಮವೂ ಸುಲಿಯಿತು. ಎಡಗಡೆ ದವಡೆಯ ಮೇಲೆ ಆ ಕಲೆ ಈಗಲೂ ಇದೆ. ಗಾಯ ಮಾಯುವುದರೊಳಗೆ ಕೂದಲು ಮತ್ತೆ ಬಂದವು. ಆಮೇಲೆ ಮುಳ್ಳು ತೆಗೆಯುವ ಚಿಮಟಿಗೆಯೇ ಗತಿ. ಹಿತ್ತಲ ಬಾಗಿಲ ಬೆಳಕಿನಲ್ಲಿ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅವ್ವ ಒಂದೊಂದೇ ಕೀಳುತ್ತಿದ್ದಳು. ನನ್ನ ಕಣ್ಣಲ್ಲಿ ನೀರು ಬಂದರೆ ಸೆರಗಿನಿಂದ ಒರೆಸಿ, "ಆತು, ಇನ್ನೊಂದ ಸ್ವಲ್ಪ" ಅನ್ನುವಳು.

ಮುಂಡರಗಿ ಕಡೆಯಿಂದ ವರ ಬಂತು. ಒಕ್ಕಲುತನದ ಮನೆ. ದೀಪ ಹಚ್ಚುವ ಹೊತ್ತಿಗೆ ಬರಲಿ ಎಂದು ಹೇಳಿಕಳಿಸಿ, ಅವ್ವ ನನ್ನ ಮುಖಕ್ಕೆ ಅರಿಷಿಣ ದಪ್ಪಗೆ ಬಳಿದು ಕೂಡಿಸಿದಳು. ಮದುವೆಯಾಯಿತು.

ಗಂಡ ಕೆಟ್ಟವನಲ್ಲ. ಹೆಚ್ಚು ಮಾತಿಲ್ಲದ, ಎತ್ತಿನ ಮೇಲೆ ಬಹಳ ಮಾಯೆ ಇದ್ದ ಮನುಷ್ಯ. ಎಲ್ಲರೂ ಏಳುವ ಮೊದಲೇ ನಾನು ಎದ್ದು, ದನದ ಕೊಟ್ಟಿಗೆಯ ಕಿಂಡಿಯ ಹತ್ತಿರ ಅಂಗೈಯಗಲದ ಕನ್ನಡಿ ಹಿಡಿದು ಕೀಳುತ್ತಿದ್ದೆ. ಗದ್ದದ ಕೆಳಗಿನವು ಕನ್ನಡಿಗೆ ಸಿಗುತ್ತಿರಲಿಲ್ಲ. ಬೆರಳಿನಿಂದ ತಡವಿ ಹುಡುಕಬೇಕು. ಕಿತ್ತಲ್ಲೆಲ್ಲ ಕುರು ಏಳುತ್ತಿದ್ದವು. ಕೇಳಿದವರಿಗೆ "ಉಷ್ಣಾ ಆಗೇತ್ರಿ" ಅನ್ನುತ್ತಿದ್ದೆ.

ಹೀಗೇ ನಡೆದಿತ್ತು. ಒಂದು ಸಲ ಚಳಿಜ್ವರ ಬಂದು ಹಾಸಿಗೆ ಹಿಡಿದೆ. ಕೀಳಲು ಕೈಯೆತ್ತುವ ಶಕ್ತಿಯೂ ಇರಲಿಲ್ಲ. ಅಂಬಲಿ ಕುಡಿಸಲು ಬಂದ ಅತ್ತೆ ನನ್ನ ಮುಖದ ಮೇಲಿನ ಕೌದಿ ಸರಿಸಿದವರು, ಬಟ್ಟಲು ಅಲ್ಲೇ ಇಟ್ಟು ಹೊರಗೆ ಹೋದರು. ಸ್ವಲ್ಪ ಹೊತ್ತಿಗೆ ಗಂಡ ಬಾಗಿಲಲ್ಲಿ ಬಂದು ನಿಂತ. ನೋಡಿದ. ಬಟ್ಟಲನ್ನು ನನ್ನ ಕೈಗೆ ಸಿಗುವ ಹಾಗೆ ಹತ್ತಿರ ಸರಿಸಿ ಹೋದ.

ಅದು ಸ್ವಾತಂತ್ರ್ಯ ಬಂದ ವರ್ಷ. ಪಂಚಮಿ ಹತ್ತಿರವಿತ್ತು. "ಹಬ್ಬಕ್ಕ ತವರಮನಿಗೆ ಹೋಗಿ ಬಾ" ಅಂದ ಗಂಡ. ತಾನೇ ಬಂಡಿ ಹೂಡಿದ. ಪೇಟೆಯಲ್ಲಿ ಬಂಡಿ ನಿಲ್ಲಿಸಿ ಎರಡೂ ಕೈ ತುಂಬ ಹಸಿರು ಬಳೆ ಇಡಿಸಿದ. ಆ ಬಳೆ ನೋಡಿ ಎಲ್ಲ ಸರಿಹೋಯಿತೆಂದೇ ನಾನು ತಿಳಿದೆ.

ಜೋಕಾಲಿ ಆಡಿದ್ದಾಯಿತು, ಉಂಡಿ ತಿಂದದ್ದಾಯಿತು. ಓಣಿಗೆ ಬಂದಿದ್ದ ಹೆಣ್ಣುಮಕ್ಕಳು ಒಬ್ಬೊಬ್ಬರೇ ಗಂಡನ ಮನೆಗೆ ತಿರುಗಿ ಹೋದರು. ನನ್ನನ್ನು ಕರೆಯಲು ಯಾರೂ ಬರಲಿಲ್ಲ. ನಮ್ಮ ಊರು ಆಗ ಸಂಸ್ಥಾನದಲ್ಲಿತ್ತು; ಸ್ವಾತಂತ್ರ್ಯ ನಮಗೂ ಬಂತೋ ಇಲ್ಲವೋ ಎಂದು ಗಂಡಸರು ಕಟ್ಟೆಯ ಮೇಲೆ ಕೂತು ವಾದ ಮಾಡುತ್ತಿದ್ದರು. ನಾನು ಬಾಗಿಲ ಸಂದಿಯಿಂದ ಬಂಡಿಗಳ ದಾರಿ ನೋಡುತ್ತಿದ್ದೆ. ದೀಪಾವಳಿಯ ಮೇಲೆ ಖಬರ ಬಂತು: ಅವನು ಇನ್ನೊಂದು ಮದುವೆಯಾದ.

ಅವ್ವ ಇರುವ ತನಕ ತವರಮನೆಯಲ್ಲಿ ದಿನ ಹೋದವು. ಅವಳು ತೀರಿಕೊಂಡ ಮೇಲೆ ನನ್ನ ಮುಖ ಮುಟ್ಟುವವರು ಯಾರೂ ಉಳಿಯಲಿಲ್ಲ. ನಾನೇ ಅವಸರದಲ್ಲಿ ಕಿತ್ತು ಕಿತ್ತು ಒಂದು ಕುರು ಕೀವಾಗಿ ಇಡೀ ಗದ್ದ ಬಾತುಕೊಂಡಿತು. ಅಣ್ಣ ನನ್ನನ್ನು ಬೆಟಗೇರಿಗೆ ಕರೆದುಕೊಂಡು ಬಂದು ಒಂದು ದವಾಖಾನೆಯಲ್ಲಿ ತೋರಿಸಿದ.

ಅಲ್ಲಿ ಒಬ್ಬರು ಡಾಕ್ಟರಬಾಯಿ ಇದ್ದರು. ಮರಾಠಿ ಬೆರೆತ ಕನ್ನಡ. ಅಣ್ಣನನ್ನು ಹೊರಗೆ ಕೂಡಿಸಿ, ನನ್ನ ಗದ್ದ ಹಿಡಿದು ಕಿಟಕಿಯ ಕಡೆ ತಿರುಗಿಸಿದರು. ಕೀವು ತೆಗೆದು ಪಟ್ಟಿ ಕಟ್ಟಿದ ಮೇಲೆ ಕೇಳಿದರು, "ಮುಟ್ಟು ತಿಂಗಳಾ ತಿಂಗಳಾ ಆಗ್ತೈತೇನವಾ?"

ನಾನು ಬೆಚ್ಚಿದೆ. "ಇಲ್ರೀ. ಅದು ನಿಮಗ ಹ್ಯಾಂಗ ಗೊತ್ತಾತ್ರಿ?"

"ಎರಡೂ ಒಂದ ಜಡ್ಡು. ಮೈಯೊಳಗ ಗ್ರಂಥಿ ಅಂತ ಇರ್ತಾವ. ಅವುಗಳ ರಸ ಹೆಚ್ಚುಕಮ್ಮಿ ಆದ್ರ ಹಿಂಗ ಆಗ್ತೈತಿ. ನೀ ಏನೂ ತಪ್ಪು ಮಾಡಿಲ್ಲ."

"ಔಷಧ ಕೊಡ್ರಿ."

"ನನ್ನ ಹತ್ರ ಇಲ್ಲ. ಮುಂಬೈದಾಗ ವಿದ್ಯುತ್ತಿನ ಸೂಜಿ ಚುಚ್ಚಿ ಬೇರು ಸುಡ್ತಾರ. ಒಂದೊಂದ ಕೂದಲಾ, ವರ್ಷಗಟ್ಟಲೆ. ನಿನ್ನ ಕೈಲೆ ಆಗೂದಲ್ಲ. ಕೀಳೂದು ಬಿಡು. ಗಂಡಸರು ಮಾಡ್ಕೋತಾರಲ್ಲ, ಬಿಸಿನೀರು, ಸಾಬೂನು, ಬ್ಲೇಡು? ಹಂಗ ಮಾಡ್ಕೋ."

"ದಪ್ಪಗ ಬರ್ತಾವಂತಲ್ರಿ?"

"ಸುಳ್ಳು. ಬೋಳಿಸಿದ್ರ ದಪ್ಪ ಆಗೂದಿಲ್ಲ."

ಊರಿಗೆ ತಿರುಗಿ ಹೋಗಲು ನನಗೆ ಮನಸ್ಸಾಗಲಿಲ್ಲ. ಬೆಟಗೇರಿಯ ಒಂದು ನೇಕಾರರ ಮನೆಯಲ್ಲಿ ನೂಲಿನ ಕಂಡಿಕೆ ಸುತ್ತುವ ಕೆಲಸ ಸಿಕ್ಕಿತು, ಅವರ ಹಿತ್ತಲಲ್ಲೇ ಒಂದು ಕೋಣೆ. ಇನ್ನು ಬ್ಲೇಡು ತರಬೇಕಿತ್ತು. ಬೆಟಗೇರಿಯಲ್ಲಿ ಕೊಂಡರೆ ಸುದ್ದಿಯಾಗುತ್ತದೆಂದು ಗದಗಿನ ಸ್ಟೇಶನ್ನಿನ ಕಡೆಗೆ ನಡೆದು ಹೋದೆ. ಪುಟ್ಟ ಅಂಗಡಿ, ವಯಸ್ಸಾದ ಮಾಲೀಕರು.

"ಯಾರಿಗ್ರಿ?" ಅಂದರು. ಯಾವ ಬಗೆಯದು ಬೇಕೆಂದು ತಿಳಿಯಲು ಕೇಳಿದ್ದಿರಬೇಕು.

"ನಮ್ಮ ಮನಿಯವರಿಗೆ."

"ಮನ್ಯಾಗ ತಾವ ಮಾಡ್ಕೋತಾರ? ಎಲ್ಲಿ ನೌಕರಿ?"

ಹಿಂದೆ ಗಾಡಿಯ ಸಿಳ್ಳು ಕೇಳಿಸಿತು. "ರೇಲ್ವೇದಾಗ" ಅಂದೆ. "ಗಾರ್ಡು ಅದಾರ್ರಿ. ಊರಾಗ ಇರೂದ ಕಮ್ಮಿ."

ಮರುದಿನ ಬೆಳಗಾಗುತ್ತಲೇ ಕೋಣೆಯ ಬಾಗಿಲು ಹಾಕಿಕೊಂಡು ಮುಖಕ್ಕೆ ಸಾಬೂನು ಹಚ್ಚಿದೆ. ರೂಢಿಯಿಲ್ಲದೆ ಬ್ಲೇಡು ಎರಡು ಕಡೆ ಗೀರಿತು. ತೊಳೆದು ಕೊಬ್ಬರಿ ಎಣ್ಣೆ ಸವರಿದೆ. ಬಹಳ ಹೊತ್ತು ನನ್ನ ದವಡೆಯ ಮೇಲೆ ನಾನೇ ಕೈಯಾಡಿಸುತ್ತ ಕೂತೆ. ಬರಬರುತ್ತ ಕುರುಗಳು ಒಣಗಿದವು. ತಲೆಯೆತ್ತಿ ಮಾತಾಡುವುದು ಮತ್ತೆ ರೂಢಿಯಾಯಿತು.

ಅಂಗಡಿಯವರು ನಾನು ಹೋದಾಗಲೆಲ್ಲ ಕೇಳುತ್ತಿದ್ದರು, "ಮನಿಯವರು ಆರಾಮ ಅದಾರೇನ್ರಿ? ಈಗ ಯಾವ ಗಾಡಿ ಮ್ಯಾಲ ಅದಾರ?" ನಾನು ಸೊಲ್ಲಾಪುರ ಅನ್ನುತ್ತಿದ್ದೆ, ಗುಂತಕಲ್ಲು ಅನ್ನುತ್ತಿದ್ದೆ. ಒಮ್ಮೆ ಅವನಿಗೆ ನೆಗಡಿ ಬರಿಸಿದೆ. ಅಂಗಡಿಯವರು ಜ್ಯೇಷ್ಠಮಧುವಿನ ತುಂಡು ಕಟ್ಟಿಕೊಟ್ಟರು. ದಾರಿಯುದ್ದ ಅದನ್ನು ಚೀಪುತ್ತ ಬಂದೆ. ಬೆಟಗೇರಿಯಲ್ಲಿ ನನ್ನನ್ನು ಹಾಗೆ ಯಾರೂ ಏನೂ ಕೇಳುತ್ತಿರಲಿಲ್ಲ. ಬ್ಲೇಡು ಇನ್ನೂ ಉಳಿದಿದ್ದರೂ ಒಮ್ಮೊಮ್ಮೆ ಹೋಗಿ ಬರುತ್ತಿದ್ದೆ.

ಕರ್ನಾಟಕ ಒಂದಾದ ದಿನ ಪೇಟೆ ತುಂಬ ತೋರಣ. ಅಂಗಡಿಯವರು ಬಂದವರಿಗೆಲ್ಲ ಪೇಢೆ ಹಂಚುತ್ತಿದ್ದರು. ನನ್ನ ಕೈಯಲ್ಲಿ ಎರಡು ಇಟ್ಟರು. "ಒಂದು ನಿಮಗ, ಒಂದು ಮನಿಯವರಿಗೆ." ಮೆರವಣಿಗೆ ನೋಡುತ್ತ ಒಂದನ್ನು ತಿಂದೆ. ಇನ್ನೊಂದನ್ನು ಕೋಣೆಗೆ ತಂದು ತಾಟಿನಲ್ಲಿಟ್ಟೆ. ಮರುದಿನ ಇರುವೆ ಹತ್ತಿದ್ದವು.

ಮುಂದೆ ಕೆಲವು ವರ್ಷಕ್ಕೆ ಅಣ್ಣ ಬಂದ. ಮುಂಡರಗಿಯವನು ಹಾವು ಕಚ್ಚಿ ಹೊಲದಲ್ಲೇ ಸತ್ತನೆಂದು ಹೇಳಿದ. ಬಿಟ್ಟ ಮೇಲೆ ಒಮ್ಮೆಯೂ ನೋಡಲು ಬಾರದವನಿಗಾಗಿ ನಾನು ಅತ್ತೆ. ಎತ್ತುಗಳನ್ನು ಈಗ ಯಾರು ನೋಡುತ್ತಾರೋ ಎಂದೂ ಅನ್ನಿಸಿತು. ನೇಕಾರರ ಮನೆಯ ಮುದುಕಿ ನನ್ನ ಬಳೆ ಒಡೆದಳು, ಕುಂಕುಮ ಒರೆಸಿದಳು.

ಹಾಗೇ ಒಂದು ದಿನ ಅಂಗಡಿಗೆ ಹೋದೆ. ಅವರು ನನ್ನ ಹಣೆ ನೋಡಿದರು, ಬರಿಗೈ ನೋಡಿದರು. ಎದ್ದೇಬಿಟ್ಟರು.

"ಅಯ್ಯ ಶಿವನ! ಯಾವಾಗ ಆತವಾ ತಂಗಿ? ಗಾಡಿ ಮ್ಯಾಲ ಏನರ…"

ಸ್ಟೂಲು ಸರಿಸಿ ಕೂಡಿಸಿದರು, ನೀರು ಕೊಟ್ಟರು. ಒಮ್ಮೆಯೂ ಕಾಣದ ಗಾರ್ಡನಿಗಾಗಿ ಅವರ ಕಣ್ಣು ತುಂಬಿದವು. ಬ್ಲೇಡು ಕೇಳಲು ಬಾಯಿ ಬರಲಿಲ್ಲ. ಸುಮ್ಮನೆ ಎದ್ದು ಬಂದೆ. ಹಳೆಯ ಮೊಂಡ ಬ್ಲೇಡಿನಿಂದ ಮುಖ ಉರಿಯತೊಡಗಿತು, ಆಮೇಲೆ ಅದೂ ಕೆಲಸಕ್ಕೆ ಬಾರದಾಯಿತು. ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ಕಂಡಿಕೆ ಸುತ್ತಿದೆ. ಕೊನೆಗೆ ಸೆರಗು ಹೊದ್ದೇ ಮತ್ತೆ ಅಲ್ಲಿಗೆ ಹೋದೆ.

"ಬ್ಲೇಡು ಬೇಕಿತ್ರಿ."

ಈಗ ಯಾರಿಗೆಂದು ಅವರಿಗೆ ತಿಳಿಯಲಿಲ್ಲ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ನಾನು ಸೆರಗು ಇಳಿಸಿದೆ.

"ನನಗ್ರಿ. ಮೊದಲಿಂದನೂ ನನಗ. ಇದು ಮೈಯಾಗಿನ ಜಡ್ಡು, ಡಾಕ್ಟರಬಾಯಿ ಹೇಳ್ಯಾರ."

"ಮತ್ತ… ರೇಲ್ವೇದವರು?"

"ಇರಲಿಲ್ರಿ."

ಅವರು ಕಪಾಟಿನ ಕಡೆ ತಿರುಗಿದರು. ಪಾಕೀಟು ತೆಗೆದು, ಹೊರಗೆ ಕಾಣದಂತೆ ಕಾಗದದಲ್ಲಿ ಸುತ್ತಿ ಕೊಟ್ಟರು. "ಕೈ ನೋಡ್ಕೊಂಡು ಮಾಡ್ಕೋಳವಾ" ಅಂದರು.

ಅವರಿಂದ ಆ ಮಾತು ಎಲ್ಲಿಗೂ ಹೋಗಲಿಲ್ಲ, ನನ್ನ ಮರ್ಯಾದೆಗೂ ಅವರು ಕಮ್ಮಿ ಮಾಡಲಿಲ್ಲ. ನಾನು ಹೋದರೆ ಕೇಳುವ ಮೊದಲೇ ಪಾಕೀಟು ಸುತ್ತಿ ಇಡುತ್ತಿದ್ದರು. ಆದರೆ ಮಾತು ಅಷ್ಟಕ್ಕೇ ಮುಗಿಯುತ್ತಿತ್ತು. ನಮ್ಮ ಮನೆಯ ಸುದ್ದಿ ಕೇಳಲು ಅವರಿಗೆ ಏನೂ ಉಳಿದಿರಲಿಲ್ಲ, ಹೇಳಲು ನನಗೂ ಇರಲಿಲ್ಲ. ಬಿಸಿಲು ಇಳಿಯುವುದರೊಳಗೆ ಬೆಟಗೇರಿಗೆ ತಿರುಗಿ ಬಂದು, ಒಲೆ ಹೊತ್ತಿಸಿ, ಒಬ್ಬಳಿಗಾಗುವಷ್ಟು ಹಿಟ್ಟು ನಾದುತ್ತಿದ್ದೆ.