ನೋಡದ ಬಾಯ್ಲರಿಗೆ ಬಿದ್ದ ಸಹಿ

ನನ್ನ ಗಂಡ ಕಣ್ಣಲ್ಲಿ ನೋಡದ ಬಾಯ್ಲರಿಗೆ ಸಹಿ ಹಾಕಿದ್ದು ಗೊತ್ತಾದಾಗ ಬಂದ ಕೋಪ ಇನ್ನೂ ಪೂರ್ತಿ ಇಳಿದಿಲ್ಲ. ಇಳಿಯಲಿ ಎಂಬ ಆಸೆಯೂ ನನಗಿಲ್ಲ.

ಮೈಸೂರಿನಲ್ಲಿ ನಮ್ಮದೊಂದು ಸಣ್ಣ ಬಳಗವಿದೆ. ಹವ್ಯಾಸಕ್ಕೆಂದು ಉಗಿಯಲ್ಲಿ ಓಡುವ ಪುಟ್ಟ ರೈಲು ಎಂಜಿನ್ ಮಾಡುತ್ತೇವೆ. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತಳಾದವಳು; ಗಂಡ ಬ್ಯಾಂಕಿನಲ್ಲಿದ್ದವರು, ಈಗ ಬಳಗದ ಕಾರ್ಯದರ್ಶಿ. ನೀರು ಕಾಸಿ ಉಗಿ ಮಾಡುವ ಇಷ್ಟು ಚಿಕ್ಕ ತಾಮ್ರದ ಬಾಯ್ಲರುಗಳನ್ನು ಸರ್ಕಾರದವರು ಬಂದು ನೋಡುವುದಿಲ್ಲ. ಹಾಗಾಗಿ ನಿಯಮವನ್ನು ನಾವೇ ಮಾಡಿಕೊಂಡೆವು. ವರ್ಷಕ್ಕೊಮ್ಮೆ ಬಾಯ್ಲರಿಗೆ ತಣ್ಣೀರು ತುಂಬಿ, ಕೈಪಂಪಿನಿಂದ ಮಾಮೂಲಿನ ಎರಡರಷ್ಟು ಒತ್ತಡ ಕೊಟ್ಟು ಕಾದು ನೋಡಬೇಕು. ತಣ್ಣೀರಾದರೆ ಬೆಸುಗೆ ಬಿಟ್ಟರೂ ಒಂದಿಷ್ಟು ಚಿಮ್ಮಿ ನಿಲ್ಲುತ್ತದೆ. ಉಗಿಯಾದರೆ ತಾಮ್ರದ ಚೂರುಗಳು ಹಾರುತ್ತವೆ. ಇಬ್ಬರು ಕಣ್ಣಾರೆ ಕಂಡು ಸಹಿ ಹಾಕಿದ ಮೇಲೆಯೇ ಅದನ್ನು ಜನರ ಮುಂದೆ ಓಡಿಸಬೇಕು.

ಯಾದವಗಿರಿಯ ಹಿರಿಯರೊಬ್ಬರು ನಮಗೆಲ್ಲ ಬೆಸುಗೆ ಕಲಿಸಿದ ಮೇಷ್ಟ್ರು. ಕಳೆದ ವರ್ಷ ಕೆಸರೆಯ ಬಡಾವಣೆಯೊಂದರ ಸಂಘದವರು ತಮ್ಮ ವಾರ್ಷಿಕೋತ್ಸವಕ್ಕೆ ಎಂಜಿನ್ ಓಡಿಸಿ ತೋರಿಸಿ ಎಂದು ಕೇಳಿದಾಗ, ಮೇಷ್ಟ್ರು ತಮ್ಮ ಹಳೆಯ ಎಂಜಿನ್ ತರುತ್ತೇನೆಂದರು. ನಾನು ಪಂಪು ಹಿಡಿದು ಅವರ ಮನೆಗೆ ಹೋದೆ. ಕಾಫಿ ಕೊಟ್ಟರು, ಬಾಯ್ಲರ್ ಮುಟ್ಟಲು ಬಿಡಲಿಲ್ಲ.

“ಇಪ್ಪತ್ತು ವರ್ಷದಿಂದ ಓಡ್ತಾ ಇದೆ ಕಣಮ್ಮ. ನನ್ನ ಕೈಕೆಲಸಕ್ಕೆ ನೀವು ಪರೀಕ್ಷೆ ಮಾಡ್ತೀರಾ?”

“ನಂದಕ್ಕೂ ಮಾಡಿಸ್ಕೊಂಡಿದೀನಿ ಸಾರ್.”

“ನಿಮ್ಮದು ಬಿಡಿ,” ಎಂದು ನಕ್ಕರು.

ಸಹಿ ಹಾಕದೆ ಬಂದೆ. ಎರಡು ದಿನ ಬಿಟ್ಟು ಬಳಗದ ಫೈಲು ತೆಗೆದರೆ ಅವರ ಬಾಯ್ಲರಿನ ಪ್ರಮಾಣಪತ್ರ ಸಿದ್ಧವಾಗಿತ್ತು. ಒಂದು ಸಹಿ ಇನ್ನೊಬ್ಬ ಸದಸ್ಯರದು, ಮತ್ತೊಂದು ನನ್ನ ಗಂಡನದು.

“ನೀವು ನೋಡಿದ್ರೇನ್ರೀ?”

“ದೊಡ್ಡೋರು ಕೇಳಿದ್ರು, ಹಾಕ್ಬುಟ್ಟೆ. ಕುಕ್ಕರಿನಷ್ಟೂ ಇಲ್ಲ ಅದು. ಅದಕ್ಯಾಕೆ ಇಷ್ಟು ರಂಪ?”

“ಬ್ಯಾಂಕಲ್ಲೂ ಹಿಂಗೇ ನೋಡ್ದೆ ಸಹಿ ಹಾಕ್ತಿದ್ರಾ?”

ಅವರು ಪೇಪರ್ ಬಿಡಿಸಿ ಮುಖಕ್ಕೆ ಅಡ್ಡ ಹಿಡಿದರು.

ಭಾನುವಾರ ಬೆಳಿಗ್ಗೆ ಕೆಸರೆಯ ಪಾರ್ಕಿಗೆ ಹೋಗಿ ಸಂಘದ ಅಧ್ಯಕ್ಷರಿಗೆ, ಈ ಎಂಜಿನ್ ಓಡಿಸಬೇಡಿ ಎಂದೆ. ಅವರು ಜೇಬಿನಿಂದ ಪ್ರಮಾಣಪತ್ರದ ನಕಲು ತೆಗೆದರು. “ನಿಮ್ಮ ಯಜಮಾನ್ರದೇ ಸಹಿ ಇದ್ಯಲ್ಲ ಮೇಡಂ.” ಕುರ್ಚಿಗಳನ್ನಾದರೂ ಹಿಂದಕ್ಕೆ ಹಾಕಿಸಿ ಎಂದು ಬೇಡಿಕೊಂಡೆ. ನಾಲ್ಕು ಹೆಜ್ಜೆ ಸರಿಸಿದರು.

ಮೇಷ್ಟ್ರು ಬಾಯ್ಲರಿನ ಅಡಿಯ ಸ್ಪಿರಿಟ್ ದೀಪ ಹಚ್ಚಿದರು. ನಾನು ಒತ್ತಡ ತೋರಿಸುವ ಮುಳ್ಳಿನ ಪಕ್ಕದಲ್ಲೇ ನಿಂತೆ. ನಲವತ್ತು ಪೌಂಡ್ ಮುಟ್ಟಿದಾಗ ಸೇಫ್ಟಿ ವಾಲ್ವ್ ತಾನಾಗಿ ತೆರೆದು ಉಗಿ ಬಿಡಬೇಕು. ನಲವತ್ತಾಯಿತು, ಐವತ್ತಾಯಿತು, ವಾಲ್ವಿನಿಂದ ಉಸಿರಿಲ್ಲ. ಐವತ್ತೈದಕ್ಕೆ ನಾನು ಬಗ್ಗಿ ದೀಪವನ್ನು ಹೊರಗೆಳೆದು ಒದ್ದೆ ಬಟ್ಟೆ ಮುಚ್ಚಿದೆ.

“ಮುಟ್ಬೇಡಿ,” ಎಂದು ಮೇಷ್ಟ್ರು ಗದರಿದರು. ಹಿಂದೆ ಯಾರೋ ನಕ್ಕರು. ಎಂಜಿನ್ ತಣ್ಣಗಾಗುವವರೆಗೆ ಯಾರನ್ನೂ ಹತ್ತಿರ ಬಿಡಲಿಲ್ಲ.

ಮಾರನೆಯ ದಿನ ಹಟ ಹಿಡಿದು ಗಂಡನನ್ನೂ ಮೇಷ್ಟ್ರನ್ನೂ ಎದುರಿಗೆ ಕೂರಿಸಿಕೊಂಡು ಪಂಪು ಹೊಡೆದೆ. ಅರವತ್ತು ದಾಟುತ್ತಲೇ ತಳದ ಬೆಸುಗೆ ಬಿಟ್ಟು ನೀರು ಗಂಡನ ಅಂಗಿಗೆ ಚಿಮ್ಮಿತು. ಅವರು ಒರೆಸಿಕೊಳ್ಳದೆ ಹಾಗೇ ಕೂತರು. ಹಿಂದಿನ ದಿನ ಇನ್ನು ಐದಾರು ಪೌಂಡ್ ಏರಿದ್ದರೆ ಸಾಕಿತ್ತು.

“ವಾಲ್ವ್ ಯಾಕೆ ತೆರೀಲಿಲ್ಲ ಸಾರ್?” ಎಂದೆ.

“ಸೋರ್ತಿತ್ತಮ್ಮ. ಸ್ವಲ್ಪ ಬಿಗಿ ಮಾಡಿದ್ದೆ, ಅಷ್ಟೆ.”

ವಾಲ್ವ್ ತೆರೆಯುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ನನಗೆ ಬೆಸುಗೆ ಕಲಿಸಿದ ಮನುಷ್ಯ ಎಂಬ ಗೌರವ ಅವತ್ತು ನನ್ನೊಳಗೆ ಮುಗಿಯಿತು. ಮೇಷ್ಟ್ರು ಬಳಗಕ್ಕೆ ಬರುವುದನ್ನು ಬಿಟ್ಟರು. ಗುರುವಿಗೆ ಅವಮಾನ ಮಾಡಿದೆ ಎಂದು ಕೆಲವರು ನನ್ನೊಡನೆ ಮಾತು ಬಿಟ್ಟರು. ಇನ್ನು ಮುಂದೆ ಸಹಿ ಹಾಕುವುದಿಲ್ಲವೆಂದು ಗಂಡ ಬರೆದುಕೊಟ್ಟರು. ಕೆಸರೆಗೆ ತಾವೇ ಹೋಗಿ, ಪರೀಕ್ಷೆ ನಡೆದಿರಲಿಲ್ಲ, ತಾವು ಹಾಕಿದ್ದು ಸುಳ್ಳು ಸಹಿ ಎಂದು ಅಧ್ಯಕ್ಷರಿಗೆ ಹೇಳಿ ಬಂದರು.

“ಏನಂದ್ರು?” ಎಂದು ಕೇಳಿದೆ.

“ಏನೂ ಆಗ್ಲಿಲ್ವಲ್ಲ, ಬುಡಿ ಸಾರ್ ಅಂದ್ರು.”