ಹದಿನಾಲ್ಕು ಮೀಟರು, ಒಂದು ಪಾವು ಅಕ್ಕಿ

ಮೀಟರ್ ಮಾಮನ ವ್ಯಾನ್ ನೋಡ್ದೋರು ಮೊದ್ಲು ಕೇಳೋದೇ, ಇದು ಮನೇನಾ ಇಲ್ಲ ಕರೆಂಟ್ ಆಫೀಸಾ ಅಂತ. ಕೇಳೋದ್ರಲ್ಲಿ ತಪ್ಪೇನಿಲ್ಲ ಬಿಡಿ. ಒಳಗೆ ಕಾಲಿಟ್ರೆ ಎಡಕ್ಕೆ ಮಂಚ, ಬಲಕ್ಕೆ ಒಲೆ, ಮಧ್ಯ ಒಬ್ಬ ಮನುಷ್ಯ ಅಡ್ಡ ತಿರುಗಿ ನಿಂತ್ಕೊಳ್ಳೋವಷ್ಟು ಜಾಗ. ಉಳಿದಿದ್ದೆಲ್ಲಾ ಮೀಟರು. ಫ್ರಿಜ್ಜಿಗೊಂದು, ಫ್ಯಾನಿಗೊಂದು, ನೀರಿನ ಪಂಪಿಗೊಂದು, ಮೊಬೈಲ್ ಚಾರ್ಜರಿಗೂ ಒಂದು. ಒಟ್ಟು ಹದಿನಾಲ್ಕು. ಆ ಹದಿನಾಲ್ಕು ಏನ್ ಹೇಳ್ತವೆ ಅಂತ ಕೇಳಿಸ್ಕೊಂಡು ಲೆಕ್ಕ ಇಡೋ ಒಂದು ಕರಿ ಪೆಟ್ಟಿಗೆಗೆ ಮುಟ್ಟಿಸೋಕೆ ಒಂದು ವೈಫೈ ಡಬ್ಬ. ಕರಿ ಪೆಟ್ಟಿಗೆ ಮೇಲೆ ಊಟದ ತಟ್ಟೆಯಷ್ಟಗಲ ಸ್ಕ್ರೀನು. ವ್ಯಾನಿನ ಸೋಲಾರ್ ಬ್ಯಾಟರೀಲಿ ಎಷ್ಟು ಪರ್ಸೆಂಟ್ ಉಳಿದಿದೆ ಅಂತ ಅದು ಒಂದು ಗಳಿಗೆ ಕಣ್ಣು ಮುಚ್ಚದೆ ತೋರಿಸ್ತಾನೇ ಇರುತ್ತೆ.

ಮಾಮ ಮೂವತ್ಮೂರು ವರ್ಷ ಮನೆಮನೆ ತಿರುಗಿ ಕರೆಂಟ್ ಮೀಟರ್ ಓದಿದೋರು. ನಾಯಿ ಕಚ್ಚಿದ್ದು ನಾಲ್ಕು ಸಲ, ಬಾಗಿಲು ಹಾಕಿ ಬೈದೋರು ಲೆಕ್ಕಕ್ಕಿಲ್ಲ, ಮೀಟರ್ ತಪ್ಪು ಓದಿದ್ದು ಮಾತ್ರ ಒಂದು ಸಲಾನೂ ಇಲ್ಲ. ಗಂಡ ಊರಿಗೆಲ್ಲಾ ಮಾಮ ಆದ್ಮೇಲೆ ಹೆಂಡ್ತಿ ಅತ್ತೆ ಆಗ್ಲೇಬೇಕಲ್ಲ, ಹಂಗಾಗಿ ಅವರು ಅತ್ತೆ. ಅತ್ತೆ ದೊಡ್ಡಾಸ್ಪತ್ರೆ ಅಡುಗೆಮನೇಲಿ ದಿನಾ ನಾನೂರು ಜನಕ್ಕೆ ಬೇಯಿಸ್ತಿದ್ದೋರು. ನಾನೂರು ತಟ್ಟೆ ವಾರ್ಡಿಗೆ ಹೋದ್ಮೇಲೆ ನಾನೂರಾ ಒಂದನೇದು ಅವರ ತಟ್ಟೆ. ಅಷ್ಟೊತ್ತಿಗೆ ಅನ್ನ ಆರಿ ಕಲ್ಲಾಗಿರೋದು. ಮೂವತ್ತು ವರ್ಷ ಆ ಕಲ್ಲನ್ನೇ ಉಂಡ್ರು.

ಇಬ್ರೂ ಒಂದೇ ವರ್ಷ ರಿಟೈರ್ ಆದ್ರು. ಮಕ್ಳಿಲ್ಲ, ಬಾಡಿಗೆ ಮನೆ, ಇದೇ ಊರಲ್ಲಿ ಗೂಟ ಹೊಡ್ಕೊಂಡು ಯಾಕಿರ್ಬೇಕು, ವ್ಯಾನ್ ತಗೊಂಡು ಸುತ್ತೋಣ ಅಂದ್ರು ಮಾಮ. ಅತ್ತೆ ಬೇಡ ಅನ್ನಲಿಲ್ಲ. ಒಂದೇ ಒಂದು ಕಂಡೀಷನ್ ಹಾಕಿದ್ರು.

"ಎಲ್ಲಿಗ್ ಬೇಕಾದ್ರೂ ಕರ್ಕೊಂಡ್ ಹೋಗಿ. ಅಡುಗೆ ಮಾತ್ರ ನಾನು ಮಾಡಲ್ಲ. ನಾನು ಕೂತಿರ್ಬೇಕು, ಬೇರೆಯವರು ಮಾಡಿದ್ದು ಬಿಸಿಬಿಸಿಯಾಗಿ ನನ್ ತಟ್ಟೆಗೆ ಬೀಳ್ಬೇಕು."

ಇಷ್ಟೇನಾ ಅಂದ್ರು ಮಾಮ. ಇಷ್ಟೇ ಅಂದ್ರು ಅತ್ತೆ. ಮೂವತ್ತು ವರ್ಷದ ಆಸೆ ಅದು, ಮಾಮಂಗೆ ಎರಡು ಸೆಕೆಂಡಿನ ಮಾತಾಗಿ ಕೇಳಿಸ್ತು.

ಅತ್ತೆಯ ತಂಗಿ ಗಂಡ, ಅಂದ್ರೆ ಮಾಮನ ಷಡ್ಡಕ, ಒಂದು ಚಿಕ್ಕ ಗ್ಯಾಸ್ ಸ್ಟೋವು, ಸಿಲಿಂಡರು ಉಡುಗೊರೆ ತಂದಿದ್ದ. ಮಾಮ ವಾಪಸ್ ಕಳಿಸಿದ್ರು. ಯಾಕೆ ಗೊತ್ತಾ? ಸಿಲಿಂಡರಿಗೆ ಮೀಟರಿಲ್ಲ. ಒಳಗೆ ಎಷ್ಟಿದೆ ಅಂತ ತಿಳೀಬೇಕಂದ್ರೆ ಎತ್ತಿ ಕುಲುಕಿ ನೋಡ್ಬೇಕು, ಅದೂ ಒಂದು ಲೆಕ್ಕಾನಾ ಅಂತ. ತಲೆ ಮೇಲೆ ಸೋಲಾರ್, ಕಾಲ್ ಕೆಳಗೆ ಬ್ಯಾಟರಿ, ನನ್ ಕರೆಂಟಲ್ಲಿ ನಾನು ಬೇಯಿಸ್ತೀನಿ, ಇನ್ಮೇಲೆ ಈ ವ್ಯಾನಲ್ಲಿ ಬೆಂಕಿಕಡ್ಡಿ ಗೀರಲ್ಲ ಅಂತ ಎಲ್ಲರೆದುರಿಗೆ ಹೇಳಿಬಿಟ್ರು. ಷಡ್ಡಕ ನಕ್ಕ. ಆ ನಗೂನ ಮಾಮ ಇವತ್ತಿಗೂ ಮರೆತಿಲ್ಲ.

ಆಮೇಲೆ ಶುರುವಾಯ್ತು ನೋಡಿ ಅಡುಗೆ. ಇಂಡಕ್ಷನ್ ಒಲೆ ಹಚ್ಚಿದ್ರೆ ಫ್ಯಾನ್ ನಿಲ್ಲುತ್ತೆ. ಫ್ಯಾನ್ ನಿಂತ್ರೆ ಹಬೆ ಮೇಲಕ್ಕೇರಿ, ತಗಡಿಗೆ ತಾಗಿ, ತಿರುಗಾ ಮಾಮನ ತಲೆ ಮೇಲೇ ತೊಟ್ಟಿಕ್ಕುತ್ತೆ. ವ್ಯಾನು ಸ್ವಲ್ಪ ಇಳಿಜಾರಲ್ಲಿ ನಿಂತ್ರೆ ಬಾಣಲೆ ಎಣ್ಣೆಯೆಲ್ಲಾ ಒಂದು ಮೂಲೇಲಿ, ಮೊಟ್ಟೆ ಇನ್ನೊಂದು ಮೂಲೇಲಿ, ಗಂಡಹೆಂಡ್ತಿ ಜಗಳ ಆಡಿದಂಗೆ. ಈರುಳ್ಳಿ ಬಾಡಿಸಿದ್ರೆ ಹೊಗೆ ಅಲಾರಾಂ ಕಿರುಚಿ ಪಕ್ಕದ ಗಾಡಿಯೋರೆಲ್ಲಾ ಓಡಿ ಬರ್ತಾರೆ. ಇಷ್ಟಾದ್ರೂ ತಡ್ಕೋಬಹುದಿತ್ತು. ಆದ್ರೆ ಬ್ಯಾಟರಿ ಇಪ್ಪತ್ತು ಪರ್ಸೆಂಟಿಗೆ ಇಳಿದ್ರೆ ಕರಿ ಪೆಟ್ಟಿಗೆ ತಾನೇ ಒಲೆ ಆರಿಸಿಬಿಡುತ್ತೆ. ಹಂಗೆ ಆರಿಸು ಅಂತ ಹೇಳ್ಕೊಟ್ಟಿದ್ದೂ ಮಾಮನೇ. ಆರಿಸಿ ಆದ್ಮೇಲೆ ಒಬ್ಬಳು ಹೆಂಗಸಿನ ದನೀಲಿ ಹೇಳುತ್ತೆ: "ಸದ್ಯಕ್ಕೆ ಅಡುಗೆ ಸಾಧ್ಯವಿಲ್ಲ. ದಯವಿಟ್ಟು ಸಹಕರಿಸಿ."

ಅತ್ತೆ ಹತ್ತು ವಾರ ಸಹಕರಿಸಿದ್ರು. ಕೊನೇಲಿ ಹನ್ನೊಂದು ದಿನ ಮೋಡ ಮುಚ್ಕೊಂತು. ಹನ್ನೊಂದು ದಿನಾನೂ ಒಣ ಬ್ರೆಡ್ಡು, ಸೌತೆಕಾಯಿ, ತಣ್ಣನೆ ಹಾಲು. ದಿನಾ ಮಾಮ ಸ್ಕ್ರೀನ್ ನೋಡಿ, ನಾಳೆ ಬಿಸ್ಲು ಬರುತ್ತೆ ಕಣೇ ಅನ್ನೋರು. ಹನ್ನೆರಡನೇ ದಿನ ಬಿಸ್ಲು ಬಂತು, ಅತ್ತೆ ಬ್ಯಾಗ್ ಹಿಡ್ಕೊಂಡು ತಂಗಿ ಮನೆಗೆ ಹೋದ್ರು. ಕೂಗಾಡ್ಲಿಲ್ಲ, ಅಳ್ಲಿಲ್ಲ. ಆಸ್ಪತ್ರೇಲಿ ಆರಿದ್ದಾದ್ರೂ ಅನ್ನ ಇರ್ತಿತ್ತು ಅಂದ್ರು, ಅಷ್ಟೇ.

ಮೂರು ವಾರ ಆದ್ಮೇಲೆ ಷಡ್ಡಕ ಫೋನ್ ಮಾಡ್ದ. ವ್ಯಾನ್ ಕೊಳ್ಳೋಕೆ ಒಬ್ಬರು ಸೋಮವಾರ ಬರ್ತಾರೆ, ನಿಮ್ಮೆಜಮಾನ್ತೀನೂ ಮಾರೋಣ ಅಂತಿದ್ದಾರೆ ಅಂದ. ಮಾಮ ಹೆಂಡ್ತಿ ಕೈಗೆ ಫೋನ್ ಕೊಡಿಸಿ, ಭಾನುವಾರ ಮಧ್ಯಾಹ್ನ ಒಂದೇ ಒಂದು ಊಟಕ್ಕೆ ಬಾ ಅಂತ ಬೇಡ್ಕೊಂಡ್ರು. ಬಿಸಿ ಊಟ ಸಿಕ್ರೆ ಇರು, ಸಿಗ್ದಿದ್ರೆ ಸೋಮವಾರ ನಾನೇ ಕೀಲಿಕೈ ಕೊಡ್ತೀನಿ ಅಂದ್ರು. ಅತ್ತೆ ಆಯ್ತು ಅಂದ್ರು.

ಭಾನುವಾರ ಮಾಮ ವ್ಯಾನನ್ನ ಕೆರೆ ಪಕ್ಕ, ಮರದ ನೆರಳು ತಾಗದೇ ಇರೋ ಕಡೆ, ಟೈರ್ ಕೆಳಗೆ ಹಲಗೆ ಕೊಟ್ಟು ಸಮ ಮಾಡಿ ನಿಲ್ಸಿದ್ರು. ಬಟ್ಟಲಲ್ಲಿ ನೀರಿಟ್ಟು ಸಮ ಇದ್ಯಾ ಅಂತ ಪರೀಕ್ಷೆ ಬೇರೆ. ಹಿಂದಿನ ದಿನದಿಂದ್ಲೇ ಫ್ರಿಜ್ ಆಫ್, ಫ್ಯಾನ್ ಆಫ್, ಬಲ್ಬೆಲ್ಲಾ ಆಫ್. ಮೊಬೈಲೂ ಚಾರ್ಜ್ ಮಾಡಿರ್ಲಿಲ್ಲ. ಸ್ಕ್ರೀನು ಮೂವತ್ತೊಂದು ಪರ್ಸೆಂಟ್ ಅಂತಿತ್ತು, ಆಕಾಶದಲ್ಲಿ ತೆಳ್ಳಗೆ ಹಾಲಿನ ಕೆನೆ ತರ ಮೋಡ. ಒಂದು ಪಾವು ಅಕ್ಕಿ, ಅರ್ಧ ಪಾವು ಬೇಳೆ, ಹನ್ನೊಂದು ಪರ್ಸೆಂಟಲ್ಲಿ ಮುಗಿಸ್ಬೇಕು. ಕಾಗದದ ಮೇಲೆ ಮೂರು ಸಲ ಲೆಕ್ಕ ಹಾಕಿದ್ರು, ಮೂರು ಸಲಾನೂ ಅನ್ನ ಬೆಂತು.

ಅತ್ತೆ ಸರಿಯಾಗಿ ಹನ್ನೆರಡಕ್ಕೆ ಬಂದ್ರು. ಬ್ಯಾಗ್ ತಂದಿರ್ಲಿಲ್ಲ, ಅದನ್ನ ಮಾಮ ಮೊದ್ಲು ನೋಡಿದ್ರು. ವ್ಯಾನಿನ ಮೆಟ್ಟಲ ಮೇಲೆ ಕೂತು, ತಟ್ಟೆ ತೊಡೆ ಮೇಲಿಟ್ಕೊಂಡ್ರು.

ನಾನೂರು ಜನಕ್ಕೆ ಬೇಯಿಸಿದ ಕೈ ಸುಮ್ನೆ ಕೂರೋದು ಎಷ್ಟು ಕಷ್ಟ ಗೊತ್ತಾ? ಮಾಮ ಅಕ್ಕಿ ಇನ್ನೊಂದ್ಸಲ ತೊಳೀಬೇಕಿತ್ತು, ತೊಳೀಲಿಲ್ಲ. ಅತ್ತೆ ಕೆರೆ ಕಡೆ ನೋಡಿದ್ರು. ಮಾಮ ನೀರು ಜಾಸ್ತಿ ಸುರಿದ್ರು. ಅತ್ತೆ ತುಟಿ ಕಚ್ಕೊಂಡ್ರು. ನೀರು ಕುದಿಯೋಕೆ ಶುರುವಾದಾಗ ಮಾಮ ನಾಲ್ಕು ನಾಲ್ಕು ಸಲ ಮುಚ್ಚಳ ಎತ್ತಿ ಇಣುಕಿದ್ರು. ಆಗ ಮಾತ್ರ ಅತ್ತೆಗೆ ತಡ್ಯೋಕಾಗ್ಲಿಲ್ಲ, ಮುಚ್ಚಳ ತೆಗೀಬೇಡಿ ಅಂದುಬಿಟ್ರು. ಅಂದ್ಮೇಲೆ ತಾವೇ ಬಾಯಿ ಮೇಲೆ ಕೈ ಇಟ್ಕೊಂಡ್ರು.

ಅನ್ನ ಅರ್ಧ ಬೆಂದಿತ್ತು, ಟಕ್ ಅಂತ ಒಲೆ ಆರಿಹೋಯ್ತು. ಆಮೇಲೆ ಆ ಹೆಂಗಸಿನ ದನಿ, ಸಹಕರಿಸಿ ಅಂತ.

ಮಾಮನ ಮುಖ ನೋಡೋಕಾಗ್ತಿರ್ಲಿಲ್ಲ. ನನ್ ತಪ್ಪಲ್ಲ ಕಣೇ, ಲೆಕ್ಕ ಸರಿಯಿದೆ, ಬೇಕಾದ್ರೆ ನೋಡು ಅಂತ ಸ್ಕ್ರೀನ್ ತಿರುಗಿಸಿ ತೋರಿಸಿದ್ರು. ನಿನ್ನೆಯಿಂದ ಯಾವ್ದು ಎಷ್ಟು ಕರೆಂಟ್ ತಿಂದಿದೆ ಅಂತ ಸಾಲಾಗಿ ಬರ್ದಿತ್ತು. ಫ್ರಿಜ್ಜು ಸೊನ್ನೆ, ಫ್ಯಾನು ಸೊನ್ನೆ, ಪಂಪು ಚೂರೇಚೂರು, ಒಲೆ ಇಷ್ಟು. ಕಟ್ಟಕಡೇಲಿ "ಇತರೆ" ಅಂತ ಒಂದು ಸಾಲು. ಅಲ್ಲಿರೋ ಸಂಖ್ಯೆ ಒಲೆಗಿಂತ ಜಾಸ್ತಿ.

ಅತ್ತೆ ಕನ್ನಡಕ ಏರಿಸ್ಕೊಂಡು ನೋಡಿದ್ರು.

"ರೀ, ಈ ಇತರೆ ಅನ್ನೋದು ಯಾರು?"

"ಅದು ಲೆಕ್ಕಕ್ಕಿಲ್ಲ ಬಿಡು. ಮೀಟರ್ ತಿನ್ನೋ ಕರೆಂಟು."

"ಲೆಕ್ಕಕ್ಕಿಲ್ಲ ಅಂದ್ರೆ?"

ಮಾಮ ಮೂವತ್ಮೂರು ವರ್ಷದಿಂದ ಬಾಯಿಪಾಠ ಆಗಿರೋದನ್ನ ಒಪ್ಪಿಸಿದ್ರು. ಮೀಟರ್ ಓಡೋಕೆ ಬೇಕಾದ ಕರೆಂಟನ್ನ ಗಿರಾಕಿ ತಲೆಗೆ ಕಟ್ಟೋ ಹಂಗಿಲ್ಲ, ಅದು ಯಾವತ್ತಿದ್ರೂ ಕಂಪನಿ ನಷ್ಟ ಅಂತ. ಸಾವಿರಾರು ಮನೆ ಬಾಗಿಲಲ್ಲಿ ನಿಂತು ಹೇಳಿದ ಮಾತು, ಗಂಟಲು ತಾನಾಗೇ ಹೇಳ್ತು.

"ಸರಿ," ಅಂದ್ರು ಅತ್ತೆ. "ಈ ವ್ಯಾನಲ್ಲಿ ಕಂಪನಿ ಯಾರು?"

ಮಾಮ ಆ ಸಾಲನ್ನ ಇನ್ನೊಂದ್ಸಲ ಓದಿದ್ರು.

ಅತ್ತೆ ನಿಧಾನಕ್ಕೆ ಆಸ್ಪತ್ರೆ ಕತೆ ಹೇಳಿದ್ರು. ಒಂದ್ಸಲ ರೋಗಿಗಳ ಊಟ ಚೆನ್ನಾಗಿದ್ಯಾ ಅಂತ ರುಚಿ ನೋಡೋಕೆ ಹನ್ನೊಂದು ಜನರನ್ನ ಹಾಕಿದ್ರಂತೆ. ಒಬ್ಬೊಬ್ರು ಒಂದೊಂದು ಸೌಟು, ಚೆನ್ನಾಗಿದ್ರೆ ಇನ್ನೊಂದು ಸೌಟು. ಕೊನೆ ವಾರ್ಡಿಗೆ ಹೋಗೋ ಹೊತ್ತಿಗೆ ಪಾತ್ರೆ ತಳ ಕಾಣ್ತಿತ್ತಂತೆ. ಊಟ ಮಾತ್ರ ಬಲು ಚೆನ್ನಾಗಿದೆ ಅಂತ ಹನ್ನೊಂದು ಜನಾನೂ ಬರ್ದು ಕೊಟ್ರಂತೆ.

ಮಾಮ ಎದ್ರು. ಮೊಬೈಲ್ ಚಾರ್ಜರ್ ಮೀಟರ್ ಕಿತ್ರು. ಪಂಪಿಂದು, ಫ್ಯಾನಿಂದು, ಬಲ್ಬಿಂದು ಕಿತ್ರು. ಹಲ್ಲು ಕೀಳಿಸ್ಕೊಳ್ಳೋರ ತರ ಒಂದೊಂದಕ್ಕೂ ಕಣ್ಣು ಮುಚ್ಕೊಂಡು. ಹದಿನಾಲ್ಕೂ ಮಂಚದ ಮೇಲೆ ರಾಶಿ ಬಿತ್ತು. ವೈಫೈ ಡಬ್ಬಾನೂ ಸೇರ್ಕೊಂತು. ಉಳಿದಿದ್ದು ಕರಿ ಪೆಟ್ಟಿಗೆ ಒಂದೇ. ಅದೇ ಒಲೆಗೆ ಅಡ್ಡ ನಿಂತಿರೋ ಕಾವಲುಗಾರ. ಅದನ್ನ ಕಿತ್ರೆ ಒಲೆ ಸೀದಾ ಬ್ಯಾಟರಿಯಿಂದ ಉರಿಯುತ್ತೆ. ಕಿತ್ರೆ ಎಷ್ಟು ಪರ್ಸೆಂಟ್ ಉಳಿದಿದೆ ಅಂತ ಭೂಮಿ ಮೇಲೆ ಯಾರಿಗೂ ಗೊತ್ತಾಗಲ್ಲ.

ಕೈ ವೈರ್ ಮೇಲಿತ್ತು, ಬೆರಳು ಎಳೀತಿರ್ಲಿಲ್ಲ. ಅತ್ತೆ ಖಾಲಿ ತಟ್ಟೇನ ಸೆರಗಲ್ಲಿ ಒರೆಸ್ತಾ ಕೂತಿದ್ರು. ಒಣಗಿರೋ ತಟ್ಟೆ ಅದು, ಒರೆಸೋಕೆ ಏನೂ ಇರ್ಲಿಲ್ಲ. ಮಾಮ ಅದನ್ನ ನೋಡಿದ್ರು, ವೈರ್ ಎಳೆದ್ರು.

ಸ್ಕ್ರೀನ್ ಕಪ್ಪಾಯ್ತು. ಮಾಮ ಗುಂಡಿ ಒತ್ತಿದ್ರು, ಒಲೆ ಗುಯ್ ಅಂತು. ಮಾಮ ಮೊದಲ್ನೇ ಸಲ ಏನೂ ಓದೋಕಿಲ್ದೇ ನಿಂತ್ಕೊಂಡ್ರು, ಕೈ ಎಲ್ಲಿಡ್ಬೇಕು ಗೊತ್ತಾಗ್ದೆ ಮುಚ್ಚಳದ ಮೇಲೆ ಹಗೂರಕ್ಕೆ ಇಟ್ರು. ಕುದಿಗೆ ಮುಚ್ಚಳ ನಡುಗ್ತಿತ್ತು. ನಡುಕ ಕಮ್ಮಿ ಆಯ್ತು, ಆಮೇಲೆ ನಿಂತ್ಹೋಯ್ತು, ಅನ್ನದ ವಾಸನೆ ಬಂತು. ಒಲೆ ಮೇಲಿಂದ ಇಳಿಸಿ ಬೇಳೆ ಇಟ್ರು. ಬೇಳೆಗೆ ಎರಡು ಕುದಿ ಬರೋಷ್ಟರಲ್ಲಿ ಒಲೆ ಸತ್ತುಹೋಯ್ತು. ಈ ಸಲ ಸಹಕರಿಸಿ ಅನ್ನೋಕೂ ಯಾರೂ ಇಲ್ಲ.

ಬೇಳೆ ಜಲ್ಲಿಕಲ್ಲು. ಅನ್ನ ಒಂಚೂರು ಮುದ್ದೆ, ತಳದಲ್ಲಿ ಹಿಡ್ಕೊಂಡಿತ್ತು. ಮಾಮ ತಪ್ಪು ಮಾಡಿದೋರ ತರ ಬಡಿಸಿದ್ರು. ಮೇಲೆ ಉಪ್ಪು, ಫ್ರಿಜ್ ಇಲ್ದೆ ಕರಗಿದ್ದ ಬೆಣ್ಣೆ, ಪಕ್ಕಕ್ಕೆ ಹಸಿ ಈರುಳ್ಳಿ. ಅತ್ತೆ ಕಲಸೋಕೆ ಹೋಗಿ ಬೆರಳು ಹಿಂದಕ್ಕೆ ತಗೊಂಡ್ರು. ಊದಿದ್ರು. ಒಂದು ತುತ್ತು ಬಾಯಿಗೆ ಹಾಕಿ ಕಣ್ಣಲ್ಲಿ ನೀರು ತಂದ್ಕೊಂಡ್ರು.

ಮಾಮ ಹೆದರಿ ಏನಾಯ್ತು ಅಂದ್ರು.

"ನಾಲಿಗೆ ಸುಟ್ತು," ಅಂದ್ರು ಅತ್ತೆ, ಇನ್ನೊಂದು ತುತ್ತು ಕಲಸ್ತಾ.

ಎರಡನೇ ಸಲ ತಾವೇ ತಟ್ಟೆ ಮುಂದಕ್ಕೆ ಚಾಚಿದ್ರು. ಅಕ್ಕಿ ತೊಳ್ದಿದ್ದು ಸಾಲ್ದು, ನೀರು ಜಾಸ್ತಿ ಆಗಿದೆ, ಬೇಳೆ ನೆನೆಸೋಕೆ ಬರಲ್ವಾ ನಿಮ್ಗೆ ಅಂತ ಬಾಯ್ತುಂಬಾ ಅನ್ನ ಇಟ್ಕೊಂಡೇ ಬೈದ್ರು. ಆಮೇಲೆ ನಡುಮಧ್ಯೆ, ಸೋಮವಾರ ಬರೋರಿಗೆ ಬರ್ಬೇಡಿ ಅಂತ ನಿಮ್ಮ ಷಡ್ಡಕಂಗೆ ಹೇಳಿಬಿಡಿ, ಬರುವಾಗ ನನ್ ಬ್ಯಾಗ್ ತಂದುಕೊಡ್ಲಿ ಅಂದ್ರು.

ಮಾಮ ತಮ್ಮ ತಟ್ಟೆಗೂ ಬಡಿಸ್ಕೊಂಡು ಪಕ್ಕದಲ್ಲಿ ಕೂತ್ರು. ತುತ್ತು ಎತ್ತಲಿಲ್ಲ. ಮಂಚದ ಮೇಲಿನ ರಾಶೀನೇ ನೋಡ್ತಿದ್ರು.

"ಒಂದು," ಅಂದ್ರು ಮೆತ್ತಗೆ. "ಒಂದೇ ಒಂದು ವಾಪಸ್ ಹಾಕ್ಕೊಳ್ಳಲಾ?"

"ಮೊದ್ಲು ಉಣ್ಣಿ," ಅಂದ್ರು ಅತ್ತೆ. "ಆರಿಹೋಗುತ್ತೆ."