ಎಷ್ಟು ದೂರ, ಮೇಡಂ?

ನಮ್ಮ ಇಂಗ್ಲಿಷ್ ಟೀಚರಮ್ಮನ ಮುಂದಿನ ಎರಡು ಹಲ್ಲುಗಳ ನಡುವೆ ಅಕ್ಕಿಕಾಳು ನುಸುಳುವಷ್ಟು ಸಂದು ಇತ್ತು. ದೇವರು ಅದನ್ನು ಸುಮ್ಮನೆ ಕೊಟ್ಟಿರಲಿಲ್ಲ. ಆ ಸಂದಿನಿಂದ ಅವರು ಸಿಳ್ಳೆ ಹಾಕಿದರೆ ರೈಲೇ ಹೊರಟಿತೆಂದುಕೊಂಡು ಮೈಸೂರಿನ ಅಗ್ರಹಾರದ ನಮ್ಮ ಬೀದಿಯ ಹಸುಗಳು ದಾರಿ ಬಿಡುತ್ತಿದ್ದವು.

ಕಾನ್ವೆಂಟಿನಲ್ಲಿ ಪಾಠ ಹೇಳಿ ನಿವೃತ್ತರಾದ ಕ್ರಿಶ್ಚಿಯನ್ ಹೆಂಗಸು. ನಮ್ಮ ವಠಾರದ ಮೊದಲ ಮನೆಯಲ್ಲಿ ಒಬ್ಬರೇ ಇದ್ದರು. ಮಧ್ಯಾಹ್ನದ ಪಾತ್ರೆ ತೊಳೆದಾದ ಮೇಲೆ ನಮ್ಮಂಥ ಹೆಂಗಸರನ್ನು ಕೂರಿಸಿಕೊಂಡು ಇಂಗ್ಲಿಷ್ ಕಲಿಸುತ್ತಿದ್ದರು. ಪುಸ್ತಕ ಗಿಸ್ತಕ ಇಲ್ಲ. "ನೀವು ಪ್ರಯಾಣ ಹೊರಡಿ, ಭಾಷೆ ತಾನಾಗೇ ಹಿಂದೆ ಬರುತ್ತೆ" ಅನ್ನೋರು. ಹಾಗಾಗಿ ಅವರ ಪಡಸಾಲೆಯೇ ರೈಲ್ವೆ ಸ್ಟೇಷನ್ನು. ಸರಳಿನ ಕಿಟಕಿ ಟಿಕೆಟ್ ಕೌಂಟರು, ಬೆಂಚೇ ಥರ್ಡ್ ಕ್ಲಾಸ್ ಡಬ್ಬಿ, ವೀಳ್ಯದೆಲೆ ಟಿಕೆಟ್ಟು.

ಒಮ್ಮೆ ಅವರು "ಟಿಕೆಟ್, ಪ್ಲೀಸ್" ಎಂದು ಕೈ ಚಾಚಿದಾಗ ಎದುರುಮನೆ ಅಕ್ಕ ಬಾಯಿಗೆ ಸೆರಗು ಅಡ್ಡ ಹಿಡಿದು, "ಅಯ್ಯೋ, ಸುಣ್ಣ ಹಚ್ಚಿ ಹಾಕ್ಕೊಂಡ್ಬುಟ್ಟೆ ಕಣ್ರೀ!" ಅಂದರು.

"ಅದನ್ನೇ ಇಂಗ್ಲಿಷಲ್ಲಿ ಹೇಳಿ."

"ಐ ಈಟ್ ಟಿಕೆಟ್."

"ಈಟ್ ಅಲ್ಲ, ಏಟ್!" ಟೀಚರಮ್ಮ ತಿದ್ದಿದರು. ಟಿಕೆಟ್ ತಿಂದದ್ದಕ್ಕೆ ಏಟು ಬೀಳುತ್ತದೆಂದು ಅಕ್ಕ ಬೆಂಚಿನ ಆ ತುದಿಗೆ ಸರಿದುಬಿಟ್ಟರು.

ನನಗೆ ಅದು ಬರೀ ಆಟವಾಗಿರಲಿಲ್ಲ. ಮದುವೆಯಾದ ಹೊಸತು. ಯಜಮಾನರು ಬೊಂಬಾಯಿಯಲ್ಲಿ ಮನೆ ಮಾಡಿ ನನಗಾಗಿ ಕಾಯುತ್ತಿದ್ದರು. ಬಂದು ಕರೆದೊಯ್ಯಲು ಅವರಿಗೆ ರಜೆ ಸಿಗದು, ಬಿಟ್ಟುಬರಲು ಇಲ್ಲಿ ಗಂಡಸರಿಲ್ಲ. ಅತ್ತೆಯವರದು ಒಂದೇ ಮಾತು: "ಗುಂತಕಲ್ ದಾಟಿದ್ಮೇಲೆ ಯಾರಾದ್ರೂ ಇಂಗ್ಲಿಷಲ್ಲಿ ಕೇಳಿದ್ರೆ ಏನಂತೀಯೆ? ನೀನು ಉತ್ತರ ಕೊಡೋದು ನನ್ನ ಕಿವಿಗೆ ಬೀಳಲಿ, ಕಳಿಸ್ತೀನಿ."

ಒಂದು ಶುಕ್ರವಾರ ಅವರೇ ಪರೀಕ್ಷೆ ನೋಡಲು ಬಂದು ಕೂತರು. ನಾನು ಚಾಮುಂಡಮ್ಮನನ್ನು ನೆನೆದು, ಟ್ರಂಕು ಹಿಡಿದು ಕಿಟಕಿಯತ್ತ ಹೊರಟೆ. ಸರಳುಗಳ ಆಚೆಯಿಂದ ಟೀಚರಮ್ಮ, "ವೇರ್ ಆರ್ ಯೂ ಗೋಯಿಂಗ್?" ಅಂದರು.

ಹೊರಟವರನ್ನು ಎಲ್ಲಿಗೆ ಅಂತ ಕೇಳುವುದುಂಟೆ! ನಾನು ತಟ್ಟನೆ ತಿರುಗಿ ಬಂದು ಬೆಂಚಿನ ಮೇಲೆ ಕೂತೆ. ಅಕ್ಕ ನೀರು ಕೊಟ್ಟರು. ಕುಡಿದು ಮತ್ತೆ ಹೊರಟೆ. ಮತ್ತೆ ಅದೇ "ವೇರ್". ಮತ್ತೆ ಕೂತೆ.

"ಏನಮ್ಮ ಇದು! ರೈಲು ಮಂಡ್ಯ ಮುಟ್ಟಿತು!"

"ನೀವು ಎಲ್ಲಿಗೆ ಅಂತ ಕೇಳಿಬಿಡ್ತೀರಲ್ಲ, ಟೀಚರಮ್ಮ."

ಅತ್ತೆ ಹೆಮ್ಮೆಯಿಂದ ತಲೆದೂಗಿದರು. "ಇಂಗ್ಲಿಷಲ್ಲಿ ಕೇಳಿದ್ರೂ ನಮ್ಮ ಸೊಸೆಗೆ ಅರ್ಥ ಆಯ್ತು ನೋಡಿ. ಆದ್ರೆ ಹೀಗೆ ಕೂತು ಕೂತು ನೀರು ಕುಡೀತಿದ್ರೆ ಬೊಂಬಾಯಿ ಸೇರಿದ ಹಾಗೇ ಇದೆ. ಏಳಮ್ಮ, ಮನೆಗೆ ನಡಿ."

ನನ್ನ ಕಣ್ಣು ತುಂಬಿತು. ಟೀಚರಮ್ಮ ಒಂದು ಗಳಿಗೆ ಗಲ್ಲ ಕೆರೆದುಕೊಂಡರು. ಅವರೂ ಮೈಸೂರಿನವರೇ ತಾನೆ. ಜೋರಾಗಿ ಸಿಳ್ಳೆ ಹಾಕಿ, "ಹೌ ಫಾರ್, ಮೇಡಂ?" ಅಂದರು. ಎಷ್ಟು ದೂರ!

"ಬಾಂಬೆ, ಸರ್! ಒನ್ ಟಿಕೆಟ್, ಪ್ಲೀಸ್. ಮೈ ಹಸ್ಬೆಂಡ್ ಈಸ್ ವೇಟಿಂಗ್."

"ಕೊನೇಲಿ ಏನಂದ್ಲು?" ಅತ್ತೆ ಕೇಳಿದರು.

"ಗಂಡ ಕಾಯ್ತಿದ್ದಾರೆ ಅಂತ."

"ಅಷ್ಟನ್ನ ಕನ್ನಡದಲ್ಲಿ ಹೇಳಿದ್ರೆ ಯಾವತ್ತೋ ಕಳಿಸ್ತಿದ್ನಲ್ಲೇ!"

ಹೊರಡುವ ದಿನ ಟೀಚರಮ್ಮನಿಗೆ ನಮಸ್ಕರಿಸಿ, "ಐ ವಿಲ್ ಗೋ ಅಂಡ್ ಕಮ್" ಅಂದೆ. "ಇಂಗ್ಲಿಷಲ್ಲಿ ಬರೀ ಹೋಗ್ತೀನಿ ಅಂದ್ರೆ ಸಾಕಮ್ಮ" ಎಂದು ತಿದ್ದಿದರು. ಆ ಮಾತು ನನ್ನ ಬಾಯಲ್ಲಿ ಬರಲಿಲ್ಲ. ಗುಂತಕಲ್ ದಾಟಿದ ಮೇಲೆ ಟಿಕೆಟ್ ಪರೀಕ್ಷಕರು ಬಂದು "ವೇರ್" ಅಂತಲೇ ಶುರುಮಾಡಿದರು. ದೇವರ ದಯೆ, ಆಗ ನಾನು ಕೂತೇ ಇದ್ದೆ, ಕೂಜದಲ್ಲಿ ನೀರೂ ಇತ್ತು. ಒಂದು ಗುಟುಕು ಕುಡಿದು ಉತ್ತರ ಕೊಟ್ಟೆ.

ಕೆಲವು ವರ್ಷಗಳ ನಂತರ ನಾನು ಮೈಸೂರಿಗೆ ಬಂದಿದ್ದಾಗ ಟೀಚರಮ್ಮನಿಗೆ ಉಬ್ಬಸ ಹೆಚ್ಚಾಗಿ ಆಸ್ಪತ್ರೆಗೆ ಹೊರಡಿಸಿದೆವು. ಬಾಗಿಲಲ್ಲಿ ಜಟಕಾದವನು ಬಾಯಿತಪ್ಪಿ, "ಎಲ್ಲಿಗಮ್ಮ?" ಅಂದುಬಿಟ್ಟ. ಟೀಚರಮ್ಮ ನನ್ನ ಮುಖ ನೋಡಿದರು. ಆಮೇಲೆ ಮೆಲ್ಲಗೆ ಹಿಂದಿರುಗಿ ಅದೇ ಬೆಂಚಿನ ಮೇಲೆ ಕೂತು, ನೀರು ಕೊಡು ಅಂತ ಸನ್ನೆ ಮಾಡಿದರು. ಕುಡಿದು ಎದ್ದರು. ಸಿಳ್ಳೆ ಹಾಕಲು ಹೋದರು, ಬರೀ ಗಾಳಿ ಬಂತು.

"ಐ ವಿಲ್ ಗೋ ಅಂಡ್ ಕಮ್" ಅಂದರು.

ನಾನು ತಿದ್ದಲಿಲ್ಲ.

ಅವರು ಬರಲಿಲ್ಲ. ಶುಕ್ರವಾರ ದೇವರಿಗೆ ದೀಪ ಹಚ್ಚುವಾಗ ಅವರ ಹೆಸರಿಗೂ ಒಂದು ಬತ್ತಿ ಹಾಕುತ್ತೇನೆ. ಎಲ್ಲಿಗೆ ಹೋದರು ಅಂತ ಮಾತ್ರ ಕೇಳುವುದಿಲ್ಲ.